ನಿಮಗಿದು ಗೊತ್ತೇ? ಜರ್ಮನಿಗೆ ಓದಲು ಹೋದವರ ಬೆನ್ನಿಗೆ ಯಾರಿದ್ದಾರೆ

ಜರ್ಮನಿಯಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಅತಿ ದೊಡ್ಡ ಗುಂಪು ಭಾರತೀಯರದು. 2023-24ರ ಚಳಿಗಾಲದ ಸೆಮಿಸ್ಟರಿನಲ್ಲೇ ಅವರ ಸಂಖ್ಯೆ 49 ಸಾವಿರ ದಾಟಿತ್ತು. ಹೋಗುವ ಮುನ್ನ ಅಡ್ಮಿಷನ್, ವೀಸಾ, ಸಾಲ ಎಂದು ಮನೆಯಲ್ಲಿ ತಿಂಗಳುಗಟ್ಟಲೆ ಮಾತುಕತೆ ನಡೆಯುತ್ತದೆ. ಅಲ್ಲಿ ಇಳಿದ ಮೇಲೆ ಜ್ವರ ಬಂದರೆ, ಕೈ ಬರಿದಾದರೆ, ಪರೀಕ್ಷೆ ಕೈಕೊಟ್ಟರೆ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ತಟ್ಟಬಹುದಾದ ಬಾಗಿಲುಗಳು ಬೇಕಾದಷ್ಟಿವೆ. ಅವುಗಳಲ್ಲಿ ಹಲವಕ್ಕೆ ನಿಮ್ಮ ಮಗನೋ ಮಗಳೋ ಸೆಮಿಸ್ಟರ್ ಶುಲ್ಕದಲ್ಲೇ ದುಡ್ಡು ಕಟ್ಟಿಯೂ ಆಗಿರುತ್ತದೆ.

ಆ ಶುಲ್ಕ ಊರಿಂದೂರಿಗೆ ಬೇರೆ, ಸಾಮಾನ್ಯವಾಗಿ 100ರಿಂದ 400 ಯೂರೊ. ಅದರ ಒಂದು ಪಾಲು ಸ್ಟುಡೀರೆಂಡೆನ್‌ವೆರ್ಕ್ ಎಂಬ ಸಂಸ್ಥೆಗೆ ಹೋಗುತ್ತದೆ. ದೇಶದಲ್ಲಿ ಇಂಥವು 57 ಇವೆ. ಹಾಸ್ಟೆಲ್, ಕ್ಯಾಂಟೀನ್, ಮನಃಶಾಸ್ತ್ರಜ್ಞರ ಸಮಾಲೋಚನೆ, ಹಣಕಾಸಿನ ಸಲಹೆ, ಮಕ್ಕಳಿರುವ ವಿದ್ಯಾರ್ಥಿಗಳಿಗೆ ಶಿಶುವಿಹಾರ ಎಲ್ಲ ಇವರದೇ. ಇದು ವಿಶ್ವವಿದ್ಯಾಲಯದ ಇಲಾಖೆಯಲ್ಲ, ಪ್ರತ್ಯೇಕ ಸಂಸ್ಥೆ. ಅಲ್ಲಿ ಹೇಳಿಕೊಂಡ ಕಷ್ಟ ನಿಮ್ಮ ಪ್ರೊಫೆಸರರ ಮೇಜಿಗೆ ಹೋಗುವುದಿಲ್ಲ. ಬಹಳ ಮಂದಿ ಹೆದರಿ ಹಿಂದೆ ಸರಿಯುವುದು ಈ ಒಂದು ವಿಷಯ ಗೊತ್ತಿಲ್ಲದೆ.

ಈ ಸಂಸ್ಥೆಗಳ ಮೂಲ ಹುಡುಕಿ ಹೋದರೆ ಮೊದಲ ಮಹಾಯುದ್ಧ ಮುಗಿದ ಕಾಲಕ್ಕೆ ತಲುಪುತ್ತೇವೆ. ಹೊಟ್ಟೆಗಿಲ್ಲದ ವಿದ್ಯಾರ್ಥಿಗಳು ತಾವೇ ಸೇರಿ ಅಡುಗೆಮನೆ ನಡೆಸಿದ ದಿನಗಳವು. ಅವರೆಲ್ಲರ ಒಕ್ಕೂಟ 1921ರಲ್ಲಿ ಟ್ಯೂಬಿಂಗನ್ ಪಟ್ಟಣದಲ್ಲಿ ಹುಟ್ಟಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಇದೇ ಟ್ಯೂಬಿಂಗನ್‌ನಲ್ಲಿ. ನಿಘಂಟಿನ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ಕಣ್ಣುಮುಚ್ಚಿದ್ದೂ ಅಲ್ಲೇ.

1921 ಅಂದಾಗ ಇನ್ನೊಂದು ಸಂಗತಿ. ಆ ವರ್ಷ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದ ಭಾರತೀಯ ವಿದ್ಯಾರ್ಥಿಗಳಲ್ಲಿ ಭೀಮರಾವ್ ಅಂಬೇಡ್ಕರ್ ಒಬ್ಬರು. ಅದಕ್ಕೆ ಮುಂಚೆ ಅವರನ್ನು ಅಮೆರಿಕದ ಕೊಲಂಬಿಯಾಕ್ಕೆ ಕರೆದೊಯ್ದದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ, ತಿಂಗಳಿಗೆ ಹನ್ನೊಂದೂವರೆ ಪೌಂಡ್. ಇಂದು ಕರ್ನಾಟಕದ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ವಿದೇಶದಲ್ಲಿ ಓದಲು ರಾಜ್ಯ ಸರ್ಕಾರದ ‘ಪ್ರಬುದ್ಧ’ ಯೋಜನೆ ಇದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ಎರಡಕ್ಕೂ ಅರ್ಜಿ ಕರೆಯುವ ಅವಧಿ ಚಿಕ್ಕದು. ಪ್ರಕಟಣೆ ಬಂದ ಮೇಲೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಓಡಿದರೆ ದಿನ ಸಾಲುವುದಿಲ್ಲ.

ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಭಾರತೀಯರು ಎಪಿಎಸ್ ಪ್ರಮಾಣಪತ್ರ ಒದಗಿಸಬೇಕೆಂಬ ನಿಯಮ 2022ರ ನವೆಂಬರ್ 1ರಿಂದ ಬಂದಿದೆ. ನಿಮ್ಮ ಪದವಿ, ಅಂಕಪಟ್ಟಿ ಅಸಲಿ ಎಂದು ದೆಹಲಿಯ ಕಚೇರಿಯೊಂದು ಪರಿಶೀಲಿಸಿ ಕೊಡುವ ಪತ್ರ ಇದು. ಶುಲ್ಕ 18,000 ರೂಪಾಯಿ.

ಅದರ ಜೊತೆಗೆ ಬ್ಲಾಕ್ಡ್ ಅಕೌಂಟ್. 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೊ ಅದರಲ್ಲಿ ಇಟ್ಟಿರಬೇಕು. ಈ ದುಡ್ಡನ್ನು ಫೀಸು ಎಂದುಕೊಳ್ಳುವವರಿದ್ದಾರೆ. ಹಾಗಲ್ಲ, ಅದು ನಿಮ್ಮದೇ ಹಣ. ತಿಂಗಳಿಗೆ 992 ಯೂರೊದಂತೆ ಮನೆ ಬಾಡಿಗೆ, ಊಟ, ವಿಮೆಗೆ ನಿಮ್ಮ ಕೈಗೇ ಬರುತ್ತದೆ. ಆದರೆ ಮೊದಲ ಕಂತು ಕೈಗೆ ಸಿಗಲು ಅಲ್ಲಿ ಬ್ಯಾಂಕ್ ಖಾತೆ ತೆರೆದಿರಬೇಕು, ಅದಕ್ಕೆ ಕೆಲವು ವಾರ ಹಿಡಿಯಬಹುದು. ಅಷ್ಟು ದಿನಕ್ಕೂ, ಮನೆಯ ಮುಂಗಡಕ್ಕೂ ಬೇರೆ ಹಣ ಜೊತೆಗಿರಲಿ.

ಮಾನ್ಯತೆ ಪಡೆದ ಬ್ಯಾಂಕಿನ ಶಿಕ್ಷಣ ಸಾಲದಿಂದ ವಿದೇಶಕ್ಕೆ ಹಣ ಕಳಿಸಿದರೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಎಂಬ ತೆರಿಗೆ ಕಡಿತ ಇಲ್ಲ. ಬ್ಯಾಂಕಿನವರಿಗೆ ಸಾಲದ ಕಾಗದ ತೋರಿಸಿ ಕಳಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ಸಾಲದ ಬಡ್ಡಿಗೆ ಎಂಟು ವರ್ಷದವರೆಗೆ ವಿನಾಯಿತಿ ಉಂಟು.

ಈಗ ಸೂಟ್‌ಕೇಸಿನ ವಿಷಯಕ್ಕೆ ಬರೋಣ, ತಾಯಂದಿರು ಇದನ್ನು ಗಮನಿಸಿ ಓದಬೇಕು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಅಂದರೆ ಮನೆಯಲ್ಲಿ ಕಾಸಿದ ಬೆಣ್ಣೆತುಪ್ಪ, ಧಾರವಾಡ ಪೇಡ ಎರಡೂ ಕಸ್ಟಮ್ಸ್‌ನವರ ಪಾಲು. ಹಸಿ ಕರಿಬೇವನ್ನು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಒಯ್ಯುವಂತಿಲ್ಲ. ಹಸಿ ಹಣ್ಣುಗಳ ಪೈಕಿ ಪ್ರಮಾಣಪತ್ರ ಬೇಡದವು ಐದೇ: ಬಾಳೆ, ತೆಂಗು, ಖರ್ಜೂರ, ಅನಾನಸ್, ದುರಿಯನ್. ಹಾಗಾಗಿ ತೆಂಗಿನಕಾಯಿಗೆ ಜರ್ಮನಿಯಲ್ಲಿ ಅಡ್ಡಿಯಿಲ್ಲ. ಒಣಕೊಬ್ಬರಿಗೆ ಮಾತ್ರ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ತಡೆ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚು, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು ಎಂದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಸಾರಿನ ಪುಡಿ, ಹುಳಿ ಪುಡಿ ಧಾರಾಳವಾಗಿ ಕಟ್ಟಿಕೊಡಿ. ಮಗು ಮಾಮೂಲಾಗಿ ತೆಗೆದುಕೊಳ್ಳುವ ಮಾತ್ರೆಗಳಿದ್ದರೆ ವೈದ್ಯರ ಚೀಟಿಯೂ ಕೈಚೀಲದಲ್ಲಿರಲಿ.

ಸ್ಟುಡೀರೆಂಡೆನ್‌ವೆರ್ಕ್ ಹಾಸ್ಟೆಲುಗಳಲ್ಲಿರುವುದು ಸುಮಾರು 1,96,000 ಜಾಗ. ಓದುವವರು 28 ಲಕ್ಷಕ್ಕೂ ಹೆಚ್ಚು. ಲೆಕ್ಕ ನೀವೇ ಹಾಕಿ. ಅಡ್ಮಿಷನ್ ಪತ್ರ ಬಂದ ದಿನವೇ ಹಾಸ್ಟೆಲಿಗೆ ಅರ್ಜಿ ಹಾಕಿ. ಕೆಲವು ಊರುಗಳಲ್ಲಿ ಅಡ್ಮಿಷನ್ ಬರುವ ಮೊದಲೇ ಹಾಕಲೂಬಹುದು.

ಖಾಸಗಿ ಮನೆ ಹಿಡಿಯುವಾಗ ಮುಂಗಡ ಎಷ್ಟು ಕೇಳಬಹುದು ಎಂಬುದಕ್ಕೆ ಜರ್ಮನ್ ಕಾನೂನಿನಲ್ಲಿ ಮಿತಿ ಇದೆ: ಹೆಚ್ಚೆಂದರೆ ಮೂರು ತಿಂಗಳ ಬಾಡಿಗೆ, ಅದೂ ಹೀಟಿಂಗ್, ನೀರಿನ ಖರ್ಚು ಸೇರಿಸದ ಬರೀ ಬಾಡಿಗೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇದೇ ನೆಮ್ಮದಿ. ಇನ್ನೂ ಒಂದಿದೆ: ಆ ಮೊತ್ತವನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಮೊದಲನೆಯದು ಬಾಡಿಗೆ ಶುರುವಾದಾಗ, ಉಳಿದೆರಡು ಮುಂದಿನ ಎರಡು ತಿಂಗಳ ಬಾಡಿಗೆಯ ಜೊತೆ. ‘ಮಾಲೀಕರು ಪರದೇಶದಲ್ಲಿದ್ದಾರೆ, ದುಡ್ಡು ಹಾಕಿದರೆ ಕೀಲಿಕೈ ಕೊರಿಯರಿನಲ್ಲಿ ಬರುತ್ತದೆ’ ಎನ್ನುವವರು ಮೋಸಗಾರರು. ಬಾಡಿಗೆ ಎಷ್ಟೇ ಕಡಿಮೆಯಿರಲಿ, ಮನೆ ನೋಡದೆ ದುಡ್ಡು ಕಳಿಸಬೇಡಿ.

ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕು. ಇದಕ್ಕೆ ಅನ್‌ಮೆಲ್ಡುಂಗ್ ಎನ್ನುತ್ತಾರೆ. ಇವರು ನಮ್ಮ ಮನೆಯಲ್ಲಿದ್ದಾರೆ ಎಂದು ಮಾಲೀಕರು ಸಹಿ ಹಾಕಿದ ಪತ್ರ ಅದಕ್ಕೆ ಬೇಕೇ ಬೇಕು; ಕೊಡುವುದು ಮಾಲೀಕರ ಕಾನೂನುಬದ್ಧ ಕರ್ತವ್ಯ. ಅನ್‌ಮೆಲ್ಡುಂಗ್ ಆಗದೆ ತೆರಿಗೆ ಸಂಖ್ಯೆ ಬರುವುದಿಲ್ಲ, ವಾಸದ ಪರವಾನಗಿಯ ಕೆಲಸವೂ ಮುಂದೆ ಹೋಗುವುದಿಲ್ಲ. ‘ನೋಂದಣಿ ಮಾಡಿಸುವಂತಿಲ್ಲ’ ಎಂಬ ಷರತ್ತಿನ ಕೋಣೆ ಅಗ್ಗಕ್ಕೆ ಸಿಕ್ಕರೂ ಬೇಡ ಎನ್ನಿ. ನೋಂದಣಿಗೆ ಸಮಯ ಸಿಗುವುದೇ ಬರ್ಲಿನ್‌ನಂಥ ಊರಲ್ಲಿ ಕಷ್ಟ. ಹೊರಡುವ ಮೊದಲೇ ಆನ್‌ಲೈನಿನಲ್ಲಿ ಕಾದಿರಿಸಿದರೆ ಒಳ್ಳೆಯದು.

ಆದರೆ ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಬೇಕಾದದ್ದು ಒಂದು ಪೆನ್ನು, ಒಂದು ಚೂರು ಕಾಗದ, ಸ್ವಲ್ಪ ಅಂಟು. ಜರ್ಮನಿಯ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಮನೆಗಳಿಗೆ ನಂಬರು ಇರುವುದಿಲ್ಲ. ಕೆಳಗಿನ ಬಾಗಿಲ ಬಳಿ ಸಾಲಾಗಿ ಅಂಚೆಪೆಟ್ಟಿಗೆಗಳು, ಪ್ರತಿಯೊಂದರ ಮೇಲೆ ಮನೆಯವರ ಅಡ್ಡಹೆಸರು. ಪೋಸ್ಟ್‌ಮ್ಯಾನ್ ಆ ಹೆಸರು ನೋಡಿಯೇ ಪತ್ರ ಹಾಕುವುದು. ಹೆಸರಿಲ್ಲದಿದ್ದರೆ ಪತ್ರ ವಾಪಸು. ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದರಲ್ಲಿ, ವಿಮೆ ಕಾರ್ಡ್, ತೆರಿಗೆ ಸಂಖ್ಯೆ ಎಲ್ಲ ಬರುವುದು ಅಂಚೆಯಲ್ಲೇ. ನಮ್ಮಲ್ಲಿ ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್ ಎಂದು ಪಾಸ್‌ಪೋರ್ಟಿನಲ್ಲಿ ಹೆಸರು ಹಲವು ಬಗೆಯಲ್ಲಿ ಕೂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಏನಿದೆಯೋ ಅದನ್ನೇ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಬೇಕು. ಸ್ನೇಹಿತರ ಮನೆಯಲ್ಲಿ ತಾತ್ಕಾಲಿಕವಾಗಿ ಇದ್ದರೂ ಅಷ್ಟೇ, ಅವರ ಹೆಸರಿನ ಕೆಳಗೆ ನಿಮ್ಮದೂ ಇರಲಿ.

ಹಾಸ್ಟೆಲ್ ಕೀಲಿಕೈ ಕಳೆದರೆ ಇಡೀ ಕಟ್ಟಡದ ಬೀಗಗಳನ್ನು ಬದಲಿಸುವ ಖರ್ಚು ನಿಮ್ಮ ತಲೆಗೆ ಬರಬಹುದು, ಸಾವಿರಗಟ್ಟಲೆ ಯೂರೊ. ಹಾಫ್ಟ್‌ಫ್ಲಿಷ್ಟ್ ಎಂಬ ವಿಮೆ ಇಂಥದ್ದಕ್ಕೇ ಇದೆ. ಕಡ್ಡಾಯವಲ್ಲ, ಕಂತೂ ಬಹಳ ಕಡಿಮೆ. ಕೀಲಿಕೈ ನಷ್ಟ ಅದರಲ್ಲಿ ಸೇರಿದೆಯೇ ಎಂದು ಕೇಳಿ ಮಾಡಿಸಿ.

ಟಿವಿ ಇಲ್ಲ, ರೇಡಿಯೊ ಇಲ್ಲ, ಆದರೂ ತಿಂಗಳಿಗೆ 18.36 ಯೂರೊ ಕಟ್ಟಿ ಎಂದು ಪತ್ರ ಬರುತ್ತದೆ. ಅದು ಮೋಸದ ಪತ್ರವಲ್ಲ, ಸಾರ್ವಜನಿಕ ಪ್ರಸಾರದ ಶುಲ್ಕ. ತಲೆಗಲ್ಲ, ಮನೆಗೆ ಒಂದು. ನಾಲ್ವರು ಒಂದೇ ಮನೆಯಲ್ಲಿದ್ದರೆ ಒಬ್ಬರು ಕಟ್ಟಿ ಉಳಿದವರು ಅವರ ನಂಬರು ಕೊಟ್ಟರೆ ಸಾಕು.

ಮೆನ್ಸಾ ಎಂದರೆ ವಿದ್ಯಾರ್ಥಿಗಳ ಕ್ಯಾಂಟೀನ್. ಒಂದೇ ತಟ್ಟೆಗೆ ಮೂರು ದರ ಇರುತ್ತದೆ: ವಿದ್ಯಾರ್ಥಿಗೆ ಕಡಿಮೆ, ನೌಕರರಿಗೆ ಹೆಚ್ಚು, ಹೊರಗಿನವರಿಗೆ ಇನ್ನೂ ಹೆಚ್ಚು. ಸಸ್ಯಾಹಾರಿಗಳ ಮನೆಯವರಿಗೆ ಒಂದು ಸಮಾಧಾನದ ಸುದ್ದಿ: ಬರ್ಲಿನ್ನಿನ ಮೆನ್ಸಾಗಳು 2021ರ ಅಕ್ಟೋಬರಿನಲ್ಲಿ ಪಟ್ಟಿ ಬದಲಿಸಿದಾಗ ಶೇ 96ರಷ್ಟು ತಿನಿಸು ಸಸ್ಯಾಹಾರ ಅಥವಾ ಹಾಲೂ ಇಲ್ಲದ ವೀಗನ್. ಮಾಂಸ, ಮೀನಿಗೆ ಉಳಿದದ್ದು ತಲಾ ಶೇ 2. ವಿದ್ಯಾರ್ಥಿಗಳೇ ಕೇಳಿ ಮಾಡಿಸಿಕೊಂಡ ಬದಲಾವಣೆ ಅದು.

ಖಾಲಿ ಬಾಟಲಿ ಬಿಸಾಡಬೇಡಿ. ಒಮ್ಮೆ ಬಳಸುವ ಬಾಟಲಿ, ಕ್ಯಾನಿಗೆ 25 ಸೆಂಟ್ ಠೇವಣಿ; ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ವಾಪಸು ಸಿಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಅಕ್ಕಿ ಬೇಳೆ ಶನಿವಾರವೇ ತಂದಿಡಬೇಕು.

ದೇಶದೆಲ್ಲೆಡೆ ಬಸ್ಸು, ಮೆಟ್ರೊ, ಪ್ಯಾಸೆಂಜರ್ ರೈಲಿನಲ್ಲಿ ಓಡಾಡಲು ಡಾಯ್ಚ್‌ಲ್ಯಾಂಡ್ ಟಿಕೆಟ್ ಎಂಬ ಮಾಸಿಕ ಪಾಸು ಇದೆ. ಅನೇಕ ವಿಶ್ವವಿದ್ಯಾಲಯಗಳು ಸೆಮಿಸ್ಟರ್ ಶುಲ್ಕದಲ್ಲೇ ಅದನ್ನು ಶೇ 60ರ ದರಕ್ಕೆ ಕೊಡುತ್ತವೆ. ಆ ದುಡ್ಡೂ ಕಟ್ಟಲಾಗದಷ್ಟು ಕಷ್ಟವಿದ್ದರೆ ಮರಳಿ ಕೊಡುವ ನಿಧಿ ಹಲವು ಕಡೆ ವಿದ್ಯಾರ್ಥಿ ಸಂಘದ ಬಳಿ ಇದೆ. ಅರ್ಜಿ ಕೇಳಿ.

ಕೆಲಸದ ಲೆಕ್ಕ 2024ರ ಮಾರ್ಚ್‌ನಿಂದ ಬದಲಾಗಿದೆ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಮೊದಲು 120, 240 ಇತ್ತು. ವಿಶ್ವವಿದ್ಯಾಲಯದಲ್ಲೇ ಪ್ರೊಫೆಸರರ ಕೈಕೆಳಗೆ ಮಾಡುವ ಸಹಾಯಕ ಕೆಲಸ ಈ ಲೆಕ್ಕಕ್ಕೆ ಬರುವುದೇ ಇಲ್ಲ. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 13.90 ಯೂರೊ. ರೆಸ್ಟೊರೆಂಟಿನ ಮಾಲೀಕ ನಮ್ಮವನೇ ಆಗಿರಲಿ, ನಮ್ಮ ಊರಿನವನೇ ಆಗಿರಲಿ, ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಸಂಬಳ ಹಿಡಿದಿಟ್ಟರೆ ‘ಫೇರೆ ಇಂಟೆಗ್ರಾಟ್ಸಿಯೋನ್’ ಎಂಬ ಸಲಹಾ ಕೇಂದ್ರಗಳು ದೇಶದುದ್ದಕ್ಕೂ ಇವೆ, ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದವರಿಗೆ ಉಚಿತವಾಗಿ ಕಾರ್ಮಿಕ ಕಾನೂನಿನ ಸಲಹೆ ಕೊಡುತ್ತವೆ. ಎಷ್ಟು ಹೊತ್ತಿಗೆ ಹೋದೆ, ಎಷ್ಟು ಹೊತ್ತಿಗೆ ಬಂದೆ ಎಂದು ದಿನಾ ಬರೆದಿಟ್ಟುಕೊಂಡ ಪುಟ್ಟ ಡೈರಿ ಅಲ್ಲಿ ದೊಡ್ಡ ಸಾಕ್ಷಿ.

ವಿಮೆಯ ವಿಷಯದಲ್ಲಿ ಒಂದು ಹೆಜ್ಜೆ ತಪ್ಪಿದರೆ ಓದು ಮುಗಿಯುವವರೆಗೂ ಸರಿಪಡಿಸಲಾಗದು. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸರ್ಕಾರಿ ವಿಮಾ ವ್ಯವಸ್ಥೆಯಲ್ಲಿ ರಿಯಾಯಿತಿ ದರವಿದೆ, ತಿಂಗಳಿಗೆ ಸುಮಾರು 150 ಯೂರೊ. ಏಜೆಂಟರು ತೋರಿಸುವ ಖಾಸಗಿ ವಿಮೆ ಇನ್ನೂ ಅಗ್ಗವಾಗಿ ಕಾಣುತ್ತದೆ. ಆದರೆ ಸರ್ಕಾರಿ ವಿಮೆ ಬೇಡವೆಂದು ವಿನಾಯಿತಿ ಪತ್ರ ಪಡೆದು ಖಾಸಗಿಗೆ ಹೋದರೆ ಆ ಓದು ಮುಗಿಯುವವರೆಗೆ ವಿದ್ಯಾರ್ಥಿ ದರಕ್ಕೆ ಮರಳಿ ಬರಲು ಬಿಡುವುದಿಲ್ಲ. ದೊಡ್ಡ ಕಾಯಿಲೆ ಬಂದಾಗಲೇ ಈ ವ್ಯತ್ಯಾಸ ಗೊತ್ತಾಗುವುದು. ಆ ಪತ್ರಕ್ಕೆ ಸಹಿ ಹಾಕುವ ಮುನ್ನ ಸ್ಟುಡೀರೆಂಡೆನ್‌ವೆರ್ಕ್‌ನ ಸಲಹೆಗಾರರನ್ನು ಕೇಳಿ.

ರಾತ್ರಿ ಹತ್ತಕ್ಕೆ 102 ಡಿಗ್ರಿ ಜ್ವರ. 112ಕ್ಕೆ ಕರೆ ಮಾಡಬೇಕೇ? ಜೀವಕ್ಕೆ ಅಪಾಯವಿದ್ದರೆ ಅದು. ಬೆಳಗಿನವರೆಗೆ ಕಾಯಲಾಗದ, ಆದರೆ ಆಂಬುಲೆನ್ಸ್ ಬೇಡದ ಕಾಯಿಲೆಗೆ 116117. ಪಾಳಿಯ ವೈದ್ಯರು ಎಲ್ಲಿದ್ದಾರೆಂದು ಅವರು ಹೇಳುತ್ತಾರೆ. ಸಿಮ್ ಇಲ್ಲದ ಫೋನಿನಿಂದ ಜರ್ಮನಿಯಲ್ಲಿ 112ಕ್ಕೆ ಕರೆ ಹೋಗುವುದಿಲ್ಲ, 2009ರಿಂದ ಹಾಗೆ. ಕರೆನ್ಸಿ ಖಾಲಿಯಾಗಿದ್ದರೂ ಪರವಾಗಿಲ್ಲ, ಚಾಲ್ತಿಯಲ್ಲಿರುವ ಸಿಮ್ ಇರಬೇಕು. ಪ್ಯಾರಾಸಿಟಮಾಲ್ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗದು, ಔಷಧದಂಗಡಿಗೇ ಹೋಗಬೇಕು. ರಾತ್ರಿ ತೆರೆದಿರುವ ಅಂಗಡಿ ಯಾವುದೆಂದು ಮುಚ್ಚಿದ ಅಂಗಡಿಯ ಬಾಗಿಲ ಮೇಲೇ ಬರೆದಿರುತ್ತಾರೆ.

ಮನಸ್ಸಿನ ಜ್ವರಕ್ಕೂ ಅಲ್ಲಿ ಜಾಗವಿದೆ, ಇದನ್ನು ನಾನು ಒತ್ತಿ ಹೇಳಬೇಕು. ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲೆ. ಕ್ಲಾಸಿನಲ್ಲಿ ಯಾರೂ ತಾವಾಗಿ ಮಾತಾಡಿಸುವುದಿಲ್ಲ. ಮನೆಯವರು ವಿಡಿಯೊ ಕರೆ ಮಾಡಿದಾಗ ಎಲ್ಲ ಚೆನ್ನಾಗಿದೆ ಎಂದು ನಗಬೇಕು, ಏಕೆಂದರೆ ಅಪ್ಪ ಸೈಟು ಅಡವಿಟ್ಟಿದ್ದಾರೆ. ಇದನ್ನು ಒಬ್ಬರೇ ಹೊತ್ತು ತಿರುಗಬೇಕಿಲ್ಲ. ಸ್ಟುಡೀರೆಂಡೆನ್‌ವೆರ್ಕ್‌ನ ಮನಃಶಾಸ್ತ್ರಜ್ಞರ ಬಳಿ ಮಾತಾಡಲು ಬಹುತೇಕ ಕಡೆ ದುಡ್ಡಿಲ್ಲ, ವಿಮೆ ಕಂಪನಿಗೂ ತಿಳಿಯುವುದಿಲ್ಲ, ಇಂಗ್ಲಿಷಿನಲ್ಲಿ ಮಾತಾಡುವವರು ಅನೇಕ ಊರುಗಳಲ್ಲಿದ್ದಾರೆ. ರಾತ್ರಿಯ ಹೊತ್ತಿಗೆ ನೈಟ್‌ಲೈನ್: ತರಬೇತಿ ಪಡೆದ ವಿದ್ಯಾರ್ಥಿಗಳೇ ಫೋನಿನ ಆ ಕಡೆ ಕೂತಿರುತ್ತಾರೆ, ಹೆಸರು ಕೇಳುವುದಿಲ್ಲ. 1970ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಈ ಸೇವೆ ಈಗ ಜರ್ಮನಿಯ ಹಲವು ಊರುಗಳಲ್ಲಿದೆ. ಇಡೀ ದಿನ ತೆರೆದಿರುವ ಉಚಿತ ಸಹಾಯವಾಣಿ 0800 1110111, ಅಲ್ಲಿ ಮಾತು ಹೆಚ್ಚಾಗಿ ಜರ್ಮನ್ನಿನಲ್ಲಿ. ತಂದೆತಾಯಂದಿರು ಮಾಡಬಹುದಾದದ್ದೂ ಒಂದಿದೆ: ಮಾರ್ಕ್ಸ್ ಎಷ್ಟು ಎಂದು ಕೇಳುವ ಮೊದಲು ನಿದ್ದೆ ಬರುತ್ತಿದೆಯಾ ಎಂದು ಕೇಳಿ.

ಪರೀಕ್ಷೆಯ ನಿಯಮ ನಮ್ಮಂತಲ್ಲ. ನಮ್ಮಲ್ಲಿ ಬ್ಯಾಕ್ ಉಳಿದರೆ ಮತ್ತೆ ಮತ್ತೆ ಕಟ್ಟಬಹುದು. ಅಲ್ಲಿ ಕಡ್ಡಾಯ ವಿಷಯವೊಂದಕ್ಕೆ ಸಾಮಾನ್ಯವಾಗಿ ಮೂರೇ ಅವಕಾಶ. ಮೂರನೆಯದರಲ್ಲೂ ಬಿದ್ದರೆ ಆ ಕೋರ್ಸಿನಿಂದ ಹೊರಗೆ. ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವುದಕ್ಕೂ ತಡೆ ಬರುತ್ತದೆ. ಹಾಗಾಗಿ ಮೈ ಹುಷಾರಿಲ್ಲದಿದ್ದಾಗ ಹೋಗಿ ಬರೆದು ಒಂದು ಅವಕಾಶ ಕಳೆದುಕೊಳ್ಳಬಾರದು. ಆ ದಿನವೇ ವೈದ್ಯರ ಬಳಿ ಹೋಗಿ ಪತ್ರ ಪಡೆದು ತಡಮಾಡದೆ ಪರೀಕ್ಷಾ ಕಚೇರಿಗೆ ಕೊಟ್ಟರೆ ಆ ಸಲದ ಲೆಕ್ಕ ಹಿಡಿಯುವುದಿಲ್ಲ. ಬರೆದಾದ ಮೇಲೆ, ಫಲಿತಾಂಶ ಬಂದ ಮೇಲೆ ಪತ್ರ ತಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ದೀರ್ಘ ಕಾಯಿಲೆಯಿದ್ದರೆ ಇಡೀ ಸೆಮಿಸ್ಟರಿಗೆ ರಜೆ ಪಡೆಯುವ ದಾರಿ ಇದೆ, ಆದರೆ ವೀಸಾದ ಮೇಲೆ ಏನು ಪರಿಣಾಮ ಎಂದು ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿಯೇ ಅರ್ಜಿ ಹಾಕಬೇಕು. ಎರಡನೇ ಸಲ ಬಿದ್ದ ದಿನವೇ ವಿಭಾಗದ ಸಲಹೆಗಾರರನ್ನು ಕಾಣುವುದು ಒಳ್ಳೆಯದು. ಮೂರನೆಯದು ಮುಗಿದ ಮೇಲೆ ಅವರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ.

ಅಪ್ಪನ ಕೆಲಸ ಹೋಯಿತು, ಸಾಲದ ಕಂತು ನಿಂತಿತು, ಥೀಸಿಸ್ ಮುಗಿಯಲು ಇನ್ನು ನಾಲ್ಕು ತಿಂಗಳಿದೆ. ಇಂಥ ಹೊತ್ತಿಗೆಂದೇ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್ (DAAD) ವಿಶ್ವವಿದ್ಯಾಲಯಗಳಿಗೆ ಸ್ಟಿಬೆಟ್ ಎಂಬ ಹೆಸರಿನಲ್ಲಿ ಹಣ ಕೊಟ್ಟಿರುತ್ತದೆ, ಓದು ಮುಗಿಸುವ ಹಂತದಲ್ಲಿರುವ ವಿದೇಶಿ ವಿದ್ಯಾರ್ಥಿಗಳಿಗೆ ಅದರಿಂದ ನೆರವು ಸಿಗುತ್ತದೆ. ಕೇಳಬೇಕಾದದ್ದು ಇಂಟರ್‌ನ್ಯಾಷನಲ್ ಆಫೀಸಿನಲ್ಲಿ. ಪ್ರಾಟೆಸ್ಟಂಟರ ಇಎಸ್‌ಜಿ ಎಂಬ ವಿದ್ಯಾರ್ಥಿ ಕೇಂದ್ರಗಳ ಮೂಲಕ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ವಿದ್ಯಾರ್ಥಿಗಳಿಗೆ ತುರ್ತು ನಿಧಿ ಸಿಗುತ್ತದೆ. ಹಿಂದೂ, ಮುಸ್ಲಿಂ ಯಾರು ಹೋದರೂ ಧರ್ಮ ಕೇಳಿ ಕೊಡುವುದಿಲ್ಲ. ಚರ್ಚಿನದು ಎಂದು ಸಂಕೋಚಪಟ್ಟು ಹೋಗದೆ ಇರುವುದು ಬೇಡ.

ಭಾರತದ ರಾಯಭಾರ ಕಚೇರಿ ಬರ್ಲಿನ್‌ನಲ್ಲಿ. ಮ್ಯೂನಿಕ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್‌ಗಳಲ್ಲಿ ಕಾನ್ಸುಲೇಟುಗಳು. ಪಾಸ್‌ಪೋರ್ಟ್ ಕಳೆದರೆ ಅಲ್ಲಿಗೆ. ದೂರು ದಾಖಲಿಸಲು 2015ರಲ್ಲಿ ಶುರುವಾದ ‘ಮದದ್’ ಪೋರ್ಟಲ್ ಇದೆ, ಊರಲ್ಲಿರುವ ತಂದೆತಾಯಿಯೂ ಅದರಲ್ಲಿ ದೂರು ಹಾಕಬಹುದು. ತೀರಾ ಸಂಕಷ್ಟದಲ್ಲಿರುವ ಭಾರತೀಯರಿಗಾಗಿ 2009ರಿಂದ ರಾಯಭಾರ ಕಚೇರಿಗಳಲ್ಲಿ ಕಲ್ಯಾಣ ನಿಧಿಯೂ ಇದೆ. ಕನ್ನಡದಲ್ಲಿ ಮಾತಾಡಬೇಕೆನಿಸಿದರೆ ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ, ಫ್ರಾಂಕ್‌ಫರ್ಟ್ ಸುತ್ತ ರೈನ್ ಮೈನ್ ಕನ್ನಡ ಸಂಘ ಇವೆ. ಹಬ್ಬದೂಟಕ್ಕೆ ಹೋದಲ್ಲಿ ಮನೆ ಹುಡುಕಿಕೊಡುವವರೂ ಸಿಗುತ್ತಾರೆ.

ವೀಸಾ ಮುಗಿಯುತ್ತಾ ಬಂದಿದೆ, ವಿದೇಶಿಯರ ಕಚೇರಿಯಲ್ಲಿ ಸಮಯ ಸಿಕ್ಕಿಲ್ಲ. ಗಾಬರಿ ಬೇಡ. ಮುಗಿಯುವ ದಿನಕ್ಕೆ ಮುಂಚೆ ವಿಸ್ತರಣೆಗೆ ಅರ್ಜಿ ಹಾಕಿದ್ದರೆ ತೀರ್ಮಾನ ಬರುವವರೆಗೆ ಅಲ್ಲಿರುವುದು ಕಾನೂನುಬದ್ಧ. ಫಿಕ್ಟ್ಸಿಯೋನ್ಸ್‌ಬೆಷೈನಿಗುಂಗ್ ಎಂಬ ಕಾಗದ ಅದಕ್ಕೆ ಪುರಾವೆ. ಮುಗಿದ ಮರುದಿನ ಹಾಕಿದರೆ ಕತೆಯೇ ಬೇರೆ.

ಪದವಿ ಸಿಕ್ಕ ಮೇಲೆ ಕೆಲಸ ಹುಡುಕಲು 18 ತಿಂಗಳವರೆಗೆ ಪರವಾನಗಿ ಸಿಗುತ್ತದೆ. ಆ ಅವಧಿಯಲ್ಲಿ ಹೊಟ್ಟೆಪಾಡಿಗೆ ಯಾವ ಕೆಲಸ ಬೇಕಾದರೂ ಮಾಡಬಹುದು, 140 ದಿನಗಳ ಮಿತಿ ಇರುವುದಿಲ್ಲ. ಆದರೆ ವಿಶ್ವವಿದ್ಯಾಲಯದ ಪಟ್ಟಿಯಿಂದ ಹೆಸರು ಹೋದೊಡನೆ ವಿಮೆಯ ವಿದ್ಯಾರ್ಥಿ ದರ, ಪ್ರಯಾಣದ ಪಾಸು, ಹಾಸ್ಟೆಲ್ ಕೋಣೆ ಒಂದೊಂದೇ ಕೈಬಿಡುತ್ತವೆ. ಕೊನೆಯ ಸೆಮಿಸ್ಟರಿನ ಮೊದಲ ವಾರದಲ್ಲೇ ಸ್ಟುಡೀರೆಂಡೆನ್‌ವೆರ್ಕ್‌ಗೆ ಹೋಗಿ ಯಾವುದು ಯಾವ ತಾರೀಖಿಗೆ ನಿಲ್ಲುತ್ತದೆ ಎಂದು ಬರೆಸಿಕೊಂಡು ಬನ್ನಿ.